ಒಂದು ಹೆಸರು, ಹಲವು ದಾರಿ

2009ರ ಆಗಸ್ಟ್ 3ರಂದು ಎಚ್1ಎನ್1 ಜ್ವರಕ್ಕೆ ದೇಶದಲ್ಲಿ ಮೊದಲ ಸಾವಾದದ್ದು ಪುಣೆಯಲ್ಲಿ. ವೈರಸ್ ಯಾವುದೆಂದು ಹೇಳಬಲ್ಲ ಪ್ರಯೋಗಾಲಯವೂ ಅದೇ ಊರಿನಲ್ಲಿತ್ತು. 1952ರಲ್ಲಿ ಶುರುವಾಗಿ, 1957ರಲ್ಲಿ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಗಂಟಲಿನ ದ್ರವ ಕಳಿಸಿದರೆ ಅಲ್ಲಿಂದ ವೈರಸ್‌ನ ಹೆಸರು ಬರುತ್ತಿತ್ತು. ಆದರೆ ಇಂಥ ಜ್ವರ ವಿಷಮಿಸಿದಾಗ ಜೀವಕ್ಕೆ ಎರವಾಗುವುದು ಬಹಳ ಸಲ ಎಆರ್‌ಡಿಎಸ್, ಅಂದರೆ ಶ್ವಾಸಕೋಶದೊಳಗೆ ನೀರು ತುಂಬಿ ಉಸಿರು ಸಾಲದಾಗುವ ಸ್ಥಿತಿ. ಅದನ್ನು ಖಚಿತವಾಗಿ ತಿಳಿಸುವ ರಕ್ತಪರೀಕ್ಷೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಏಕೆಂದು ತಿಳಿಯಲು ಆ ಹೆಸರು ಹುಟ್ಟಿದ ಬಗೆಯನ್ನು ನೋಡಬೇಕು.

1967ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯ ಡೇವಿಡ್ ಆಶ್‌ಬಾ ಮತ್ತು ಸಂಗಡಿಗರು 12 ರೋಗಿಗಳ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಕೆಲವರಿಗೆ ಪೆಟ್ಟು ಬಿದ್ದಿತ್ತು, ಕೆಲವರಿಗೆ ವೈರಸ್ ಸೋಂಕು, ಒಬ್ಬರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ. ಕಾರಣ ಬೇರೆಬೇರೆ, ಶ್ವಾಸಕೋಶದ ಗತಿ ಮಾತ್ರ ಒಂದೇ. ನವಜಾತ ಶಿಶುಗಳ ಉಸಿರಾಟದ ತೊಂದರೆಯಿಂದ ಬೇರೆಯಾಗಿ ಗುರುತಿಸಲು ಮುಂದೆ ಇದರ ಹೆಸರಿಗೆ 'ಅಡಲ್ಟ್' ಸೇರಿತು. ಮಕ್ಕಳಿಗೂ ಬರುತ್ತದೆಂಬ ಕಾರಣಕ್ಕೆ 1994ರಲ್ಲಿ ಅದು 'ಅಕ್ಯೂಟ್' ಆಯಿತು. ಕೊನೆಯ ಪದ 'ಸಿಂಡ್ರೋಮ್' ಹಾಗೇ ಉಳಿಯಿತು. ಅನುವಾದ ಮಾಡುವಾಗ ಅದನ್ನು 'ರೋಗ' ಎಂದು ಬರೆದರೆ ಅರ್ಥ ಕೆಡುತ್ತದೆ. ಅದು ಲಕ್ಷಣಗಳ ಕೂಟ.

2012ರ ಬರ್ಲಿನ್ ವ್ಯಾಖ್ಯೆ ಕೇಳುವುದೂ ಲಕ್ಷಣಗಳನ್ನೇ: ತೊಂದರೆ ಒಂದು ವಾರದೊಳಗಿನದೇ, ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳುಪಿದೆಯೇ, ಹೃದಯದ ವೈಫಲ್ಯವಷ್ಟೇ ಇದಕ್ಕೆ ಕಾರಣವಲ್ಲವೇ, ಕೊಟ್ಟ ಆಮ್ಲಜನಕದಲ್ಲಿ ರಕ್ತಕ್ಕೆ ಸೇರಿದ್ದೆಷ್ಟು. ರೋಗದ ಗುರುತೆನ್ನಬಹುದಾದ ಯಾವ ಪ್ರೋಟೀನೂ ಈ ಪಟ್ಟಿಯಲ್ಲಿಲ್ಲ.

ಹೃದಯಾಘಾತವಾದರೆ ಹೃದಯದ ಸ್ನಾಯುವಿನಿಂದ ಟ್ರೋಪೊನಿನ್ ಸೋರಿ ರಕ್ತದಲ್ಲಿ ಸಿಗುತ್ತದೆ. ಎಆರ್‌ಡಿಎಸ್‌ನಲ್ಲಿ ಗಾಳಿಗೂಡಿನ ಗೋಡೆ ಹಾಳಾದರೆ ಆರ್‌ಎಜಿಇ ಎಂಬ ಪ್ರೋಟೀನು, ರಕ್ತನಾಳದ ಒಳಪದರ ಹಾಳಾದರೆ ಆಂಜಿಯೋಪೊಯೆಟಿನ್-2, ಉರಿಯೂತ ಹೆಚ್ಚಿದರೆ ಐಎಲ್-6 ಏರುತ್ತವೆ. ಆದರೆ ರಕ್ತಕ್ಕೆ ನಂಜೇರಿದವರಲ್ಲಿ, ಶ್ವಾಸಕೋಶ ಅಷ್ಟಾಗಿ ಕೆಡದಿದ್ದರೂ, ಇವು ಏರಬಹುದು. ಹಲವು ದಾರಿಗಳಿಂದ ಬಂದು ಸೇರುವ ಸ್ಥಿತಿಗೆ ಒಂದೇ ಗುರುತು ಸಾಲದು.

ಹಾಗೆಂದು ಹುಡುಕಾಟ ವ್ಯರ್ಥವಾಗಿಲ್ಲ, ಪ್ರಶ್ನೆ ಬದಲಾಗಿದೆ. 2014ರಲ್ಲಿ ಕ್ಯಾರೊಲಿನ್ ಕ್ಯಾಲ್ಫಿ ಮತ್ತು ಸಂಗಡಿಗರು ಹಳೆಯ ಚಿಕಿತ್ಸಾ ಪ್ರಯೋಗಗಳ ಮಾಹಿತಿಯನ್ನು ಮತ್ತೆ ಜಾಲಾಡಿ, ಎಆರ್‌ಡಿಎಸ್ ರೋಗಿಗಳಲ್ಲೇ ಎರಡು ಗುಂಪು ಕಂಡರು. ಉರಿಯೂತ ಹೆಚ್ಚಿದ್ದ ಗುಂಪಿನಲ್ಲಿ ಸಾವೂ ಹೆಚ್ಚು. ವೆಂಟಿಲೇಟರ್‌ನ ಒತ್ತಡಕ್ಕೆ ಎರಡೂ ಗುಂಪು ಸ್ಪಂದಿಸಿದ ರೀತಿಯೂ ಬೇರೆ. ಈಗ ರಕ್ತವನ್ನು ಕೇಳುತ್ತಿರುವುದು 'ಎಆರ್‌ಡಿಎಸ್ ಹೌದೋ ಅಲ್ಲವೋ' ಎಂದಲ್ಲ, 'ಯಾವ ಬಗೆಯದು' ಎಂದು.

ಕೋವಿಡ್ ಕಾಲದಲ್ಲಿ ಪುಣೆಯಲ್ಲೂ ಬೆಂಗಳೂರಲ್ಲೂ ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಮನೆಮಾತಾದವು. ರಿಪೋರ್ಟಿನ ಆ ಅಂಕಿಗಳು ಉರಿಯೂತ ಎಷ್ಟಿದೆ, ರಕ್ತ ಹೆಪ್ಪುಗಟ್ಟುತ್ತಿದೆಯೇ ಎಂಬುದರ ಸುಳಿವು ಕೊಟ್ಟವು. ಶ್ವಾಸಕೋಶ ಸೋಲುತ್ತಿದೆಯೇ ಎಂಬುದನ್ನು ಮನೆಯಲ್ಲೇ ನೇರವಾಗಿ ತೋರಿಸಿದ್ದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. 2023ರ ಹೊಸ ಜಾಗತಿಕ ವ್ಯಾಖ್ಯೆ ಅದರ ಅಂಕಿಯನ್ನೂ ರೋಗನಿರ್ಣಯಕ್ಕೆ ಒಪ್ಪಿಕೊಂಡಿದೆ.