ಟಿಟ್ಟಿಭದ ಮೊಟ್ಟೆ ಮತ್ತು ಲಂಡನ್ನಿನ ಸಭೆ



ಪಂಚತಂತ್ರದ ಟಿಟ್ಟಿಭ ದಂಪತಿಗಳ ಕಥೆ ನಮಗೆಲ್ಲ ಬಾಲ್ಯದಿಂದಲೂ ಪರಿಚಿತವಾದುದು. ಕಡಲತೀರದಲ್ಲಿಟ್ಟ ಅವುಗಳ ಮೊಟ್ಟೆಗಳನ್ನು ಸಮುದ್ರವು ಅಪಹರಿಸಿತು. ಹಕ್ಕಿಗಳೆಲ್ಲ ಗರುಡನಲ್ಲಿ ಮೊರೆಯಿಟ್ಟವು. ವಿಷ್ಣುವೇ ಮುನಿದು ನಿಂತಾಗ ಸಮುದ್ರವು ಮೊಟ್ಟೆಗಳನ್ನು ಹಿಂದಿರುಗಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಇಂಥದೇ ಮೊರೆ ಮತ್ತೊಮ್ಮೆ ಕೇಳಿಬಂತು. ಈ ಸಲ ತಪ್ಪಿತಸ್ಥ ಸಮುದ್ರವಲ್ಲ, ಅದರ ಮೇಲೆ ತೇಲಿಬಂದ ಎಣ್ಣೆ. ಮೊರೆಯನ್ನು ಆಲಿಸಿದ ಸಭೆ ಸೇರಿದ್ದು ನಾವು ವಾಸವಾಗಿರುವ ಈ ಲಂಡನ್ ನಗರದಲ್ಲೇ.

ಸಮುದ್ರಕ್ಕೆ ಚೆಲ್ಲಿದ ಕಚ್ಚಾ ತೈಲದ ಹಗುರ ಅಂಶಗಳು ಆವಿಯಾದ ಮೇಲೆ, ಉಳಿದ ಭಾಗವು ಉಪ್ಪುನೀರಿನೊಡನೆ ಬೆರೆತು, ಅಲೆಗಳ ಹೊಡೆತಕ್ಕೆ ಚೂರಾಗಿ, ಉಂಡೆಗಟ್ಟಿ ದಡ ಸೇರುತ್ತದೆ. ಇದೇ ಟಾರ್‌ಬಾಲ್, ಅಂದರೆ ಡಾಂಬರಿನ ಉಂಡೆ. ಮುಂಗಾರಿನ ಆಸುಪಾಸಿನಲ್ಲಿ ಗೋವೆ, ಕಾರವಾರಗಳ ತೀರದಲ್ಲಿ ನಡೆದಾಡಿದವರ ಅಂಗಾಲು ಇದರ ಅಂಟನ್ನು ಬಲ್ಲದು. ಇದೆಲ್ಲವೂ ಅಪಘಾತಗಳ ಫಲವಲ್ಲ. ತೈಲ ಇಳಿಸಿದ ಹಡಗುಗಳು ತಮ್ಮ ತೊಟ್ಟಿಗಳನ್ನು ತೊಳೆದು, ಆ ಕೊಳೆಯನ್ನು ಸಮುದ್ರಕ್ಕೇ ಬಿಡುವುದು ಬಹುಕಾಲದ ರೂಢಿಯಾಗಿತ್ತು.

ಬ್ರಿಟನ್ 1922ರಲ್ಲಿಯೇ ತನ್ನ ಕರಾವಳಿಯ ನೀರಿಗೆ ಎಣ್ಣೆ ಬಿಡುವುದನ್ನು ಕಾನೂನಿನಿಂದ ನಿಷೇಧಿಸಿತು. ಆದರೆ ಆ ಎಲ್ಲೆಯ ಆಚೆ ಬಿಟ್ಟ ಎಣ್ಣೆಯನ್ನು ಗಾಳಿ ಮತ್ತು ಪ್ರವಾಹಗಳು ಮರಳಿ ದಡಕ್ಕೇ ತರುತ್ತಿದ್ದವು. 1952ರಲ್ಲಿ ಪಕ್ಷಿಪ್ರಿಯರೇ ಮುಂದಾಗಿ ಇಲ್ಲಿ ಒಂದು ಸಲಹಾ ಸಮಿತಿಯನ್ನು ಕಟ್ಟಿದರು. ಮುಂದೆ ಪ್ರಧಾನಿಯಾದ ಜೇಮ್ಸ್ ಕ್ಯಾಲಹನ್ ಅದರ ಅಧ್ಯಕ್ಷರು. ಪಕ್ಷಿತಜ್ಞೆ ಫಿಲಿಸ್ ಬಾರ್ಕ್ಲೇ-ಸ್ಮಿತ್ ಕಾರ್ಯದರ್ಶಿ. 1954ರಲ್ಲಿ ಲಂಡನ್ನಿನಲ್ಲಿ ನೆರೆದ ರಾಷ್ಟ್ರಗಳು ಮೊದಲ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬಂದವು. ಅದರಂತೆ ತೀರದಿಂದ 50 ನಾಟಿಕಲ್ ಮೈಲಿಗಳೊಳಗೆ ತೈಲದ ಕೊಳೆಯನ್ನು ಬಿಡುವಂತಿರಲಿಲ್ಲ.

ತಡೆಯುವ ವಿದ್ಯೆ ಹೀಗೆ ಆರಂಭವಾಯಿತು. ಶುಚಿಗೊಳಿಸುವ ವಿದ್ಯೆಯ ಪಾಠವಾದರೋ ಇನ್ನೂ ಬಾಕಿಯಿತ್ತು. 1967ರ ಮಾರ್ಚ್ 18ರಂದು ಟಾರಿ ಕ್ಯಾನಿಯನ್ ಎಂಬ ನೌಕೆಯು ಸುಮಾರು 1,19,000 ಟನ್ ಕುವೈತ್ ತೈಲದೊಡನೆ ಕಾರ್ನ್‌ವಾಲಿನ ಬಳಿ ಬಂಡೆಗೆ ಬಡಿಯಿತು. ಉಳಿದ ತೈಲವನ್ನು ಸುಡಲೆಂದು ಸರಕಾರ ವಿಮಾನಗಳಿಂದ ಬಾಂಬು ಹಾಕಿಸಿತು. ಸಮುದ್ರಕ್ಕೂ ದಡಕ್ಕೂ ಸುಮಾರು 10,000 ಟನ್ ಮಾರ್ಜಕವನ್ನು ಸುರಿಯಲಾಯಿತು. ಪ್ಲಿಮತ್ತಿನ ಜೀವವಿಜ್ಞಾನಿಗಳು ಪರೀಕ್ಷಿಸಿದಾಗ, ಬಂಡೆಯ ಜೀವಿಗಳಿಗೆ ತೈಲಕ್ಕಿಂತ ಮಾರ್ಜಕವೇ ಹೆಚ್ಚು ಮಾರಕವಾಗಿತ್ತು. ಪಾಚಿ ಮೇಯುವ ಲಿಂಪೆಟ್ ಎಂಬ ಚಿಪ್ಪುಜೀವಿಗಳು ಸತ್ತು, ಬಂಡೆಗಳೆಲ್ಲ ಹಸಿರು ಪಾಚಿಯಿಂದ ಮುಚ್ಚಿಹೋದವು. ಸೀಲ್‌ಗಳಿಗೆ ತೊಂದರೆಯಾದೀತೆಂದು ಮಾರ್ಜಕ ಬಳಸದೆ ಬಿಟ್ಟ ಗಾಡ್ರೆವಿ ಎಂಬಲ್ಲಿ ಎರಡು ಮೂರು ವರ್ಷಗಳಲ್ಲಿ ತೀರ ಚೇತರಿಸಿಕೊಂಡಿತು. ಮಾರ್ಜಕವನ್ನು ಧಾರಾಳವಾಗಿ ಸುರಿದ ಕೆಲವೆಡೆ ಅದಕ್ಕೆ ಹದಿನೈದು ವರ್ಷಗಳವರೆಗೂ ಬೇಕಾಯಿತು.

ವೈದ್ಯರಾದ ನಮಗೆ ಈ ಪಾಠ ಹೊಸದಲ್ಲ. ರೋಗಿಗೆ ಮೊದಲು ಹಾನಿಯಾಗದಿರಲಿ ಎಂಬುದು ನಮ್ಮ ವೃತ್ತಿಯ ಹಳೆಯ ಎಚ್ಚರಿಕೆ. ಆದರೆ ಏನನ್ನೂ ಮಾಡದೆ ಕೂರುವುದು ಸದಾ ನಿರಪಾಯವೆಂದು ಇದರ ಅರ್ಥವಲ್ಲ. ಟಿಟ್ಟಿಭದ ಕುಲಕ್ಕೇ ಸೇರಿದ ರಿಂಗ್ಡ್ ಪ್ಲವರ್ ಎಂಬ ಹಕ್ಕಿ ಈ ದೇಶದ ತೀರಗಳಲ್ಲಿ ವಸಂತದಿಂದ ಬೇಸಿಗೆಯವರೆಗೆ, ಬರಿಯ ಮರಳು ಜಲ್ಲಿಯ ಸಣ್ಣ ಗುಳಿಯಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಅವು ಕಲ್ಲುಗಳ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ತಾಯಿಯ ಎದೆಗೆ ಮೆತ್ತಿದ ಎಣ್ಣೆ ಒಂದು ಹನಿಗಿಂತ ಕಡಿಮೆ ತಗಲಿದರೂ ಒಳಗಿನ ಭ್ರೂಣ ಸಾಯಬಹುದು. ಅದೇ ಮೊಟ್ಟೆಯನ್ನು ಶುಚಿಗೊಳಿಸಲು ಬಂದವರ ಕಾಲೂ ತುಳಿದೀತು, ಯಂತ್ರದ ಗಾಲಿಯೂ ಅರೆದೀತು. ದಡದ ಕಡಲಪಾಚಿಯನ್ನೆಲ್ಲ ಗುಡಿಸಿ ಒಯ್ದರೆ, ಅದರೊಳಗಿನ ಹುಳುಗಳನ್ನೇ ನಂಬಿದ ಮರಿಗಳು ಉಪವಾಸ ಬೀಳುತ್ತವೆ.

ಆದುದರಿಂದಲೇ ಗೂಡುಗಳಿರುವ ತೀರದಲ್ಲಿ ಇಂದಿನ ವಿವೇಕದ ಕ್ರಮ ನಿಧಾನವಾದುದು. ಹಕ್ಕಿಗಳನ್ನು ಬಲ್ಲವರು ಮುಂದೆ ನಡೆದು ಗೂಡುಗಳನ್ನು ಗುರುತಿಸುತ್ತಾರೆ. ಅವರ ಹಿಂದೆ ಕೆಲವೇ ಮಂದಿ, ಗೊತ್ತುಪಡಿಸಿದ ಹಾದಿಯಲ್ಲೇ ನಡೆದು, ಉಂಡೆಗಳನ್ನು ಕೈಯಿಂದ ಹೆಕ್ಕುತ್ತಾರೆ. ಗೂಡಿಗೆ ತೀರ ಸಮೀಪದಲ್ಲಿ ಗಟ್ಟಿಯಾಗಿ ಬಿದ್ದಿರುವ ಉಂಡೆಯನ್ನು ಮರಿಗಳು ಹೊರಡುವತನಕ ಹಾಗೆಯೇ ಬಿಡುವುದೂ ಉಂಟು. ನೋಡುವವರಿಗೆ ಇದು ಅಲಕ್ಷ್ಯವೆಂದು ತೋರಬಹುದು. ಅದು ವಿಚಾರಪೂರ್ವಕವಾದ ಸಂಯಮ.

1973ರಲ್ಲಿ ಲಂಡನ್ನಿನಲ್ಲೇ ರೂಪುಗೊಂಡು, 1978ರಲ್ಲಿ ತಿದ್ದುಪಡಿಯಾದ ಮಾರ್ಪೋಲ್ ಒಪ್ಪಂದವು 1983ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದು ಹೊಸ ದೊಡ್ಡ ತೈಲನೌಕೆಗಳಲ್ಲಿ ನಿಲುಭಾರದ ನೀರಿಗೆ ಬೇರೆಯೇ ತೊಟ್ಟಿಗಳಿರಬೇಕೆಂದು ವಿಧಿಸಿತು. ಭಾರತವೂ 1986ರಲ್ಲಿ ಅದನ್ನು ಒಪ್ಪಿತು. ಆ ಒಪ್ಪಂದವನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಕಟ್ಟಡ ಥೇಮ್ಸ್ ತೀರದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿದೆ. ನಮ್ಮಲ್ಲಿ ಅನೇಕರು ಅದರೆದುರು ಎಷ್ಟೋ ಸಲ ಹಾದುಹೋಗಿದ್ದೇವೆ.

ಆದರೂ ನಮ್ಮ ಪಶ್ಚಿಮ ಕರಾವಳಿಗೆ ಡಾಂಬರಿನ ಉಂಡೆಗಳು ಬರುವುದು ನಿಂತಿಲ್ಲ. ನಡುಗಡಲಿನ ಕತ್ತಲೆಯಲ್ಲಿ ತೊಟ್ಟಿ ತೊಳೆಯುವವನನ್ನು ಕಾಯುವವರು ವಿರಳ. ರಜೆಗೆ ಊರಿಗೆ ಹೋದಾಗ ಅಂಥ ಉಂಡೆ ಕಂಡರೆ ಸ್ಥಳೀಯ ಅಧಿಕಾರಿಗಳಿಗೆ ತಿಳಿಸೋಣ. ಉತ್ಸಾಹದಿಂದ ಗುಡಿಸಲು ಹೊರಡುವ ಮುನ್ನ, ನಮ್ಮ ಕಾಲ ಬಳಿಯ ಕಲ್ಲುಗಳಲ್ಲಿ ಯಾವುದಾದರೂ ಮೊಟ್ಟೆಯೇ ಎಂದು ಬಾಗಿ ನೋಡೋಣ.