ಗುಡ್ಡ ಕುಸಿತ: ಮಳೆ ನೆಪ ಮಾತ್ರವೇ? ನೆಲದೊಳಗೆ ನಡೆಯುವುದೇನು?

2014ರ ಜುಲೈ 30ರ ಮುಂಜಾನೆ ಪುಣೆ ಜಿಲ್ಲೆಯ ಮಾಳಿಣ್ ಗ್ರಾಮದ ಮೇಲೆ ಗುಡ್ಡ ಜಾರಿ 150ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಸರಿಯಾಗಿ ಹತ್ತು ವರ್ಷಗಳ ನಂತರ, 2024ರ ಜುಲೈ 30ರಂದು, ಕೇರಳದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ದಿನಾಂಕ ಒಂದೇ ಆದದ್ದು ಕಾಕತಾಳೀಯ. ಆದರೆ ಇಂಥ ದುರಂತಗಳು ಜುಲೈ, ಆಗಸ್ಟ್‌ನಲ್ಲೇ ಹೆಚ್ಚಾಗಿ ಸಂಭವಿಸುವುದಕ್ಕೆ ಕಾರಣವಿದೆ. ಜೂನ್‌ನಿಂದ ಸುರಿದ ಮಳೆಗೆ ಅಷ್ಟರಲ್ಲಿ ಮಣ್ಣು ತಳದವರೆಗೂ ನೆನೆದಿರುತ್ತದೆ. ಆಗ ಒಂದೆರಡು ದಿನದ ಬಿರುಸು ಮಳೆಯೇ ಸಾಕು.

ಪಶ್ಚಿಮ ಘಟ್ಟದ ಬಿಸಿಲು, ತೇವಕ್ಕೆ ಬಂಡೆ ಯುಗಯುಗಗಳಿಂದ ಶಿಥಿಲವಾಗಿ ಮಣ್ಣಾಗುತ್ತಾ ಬಂದಿದೆ. ಹೀಗಾಗಿ ಅನೇಕ ಗುಡ್ಡಗಳಲ್ಲಿ ಮೇಲೆ ಹಲವು ಮೀಟರ್ ದಪ್ಪದ ಸಡಿಲ ಮಣ್ಣು, ಕೆಳಗೆ ಗಟ್ಟಿ ಬಂಡೆ. ಇಂಗಿದ ನೀರು ಬಂಡೆ ಮುಟ್ಟಿದ ಮೇಲೆ ಸುಲಭವಾಗಿ ಕೆಳಗಿಳಿಯದೆ ಅಲ್ಲೇ ತುಂಬಿಕೊಳ್ಳುತ್ತದೆ. ಅದರ ಒತ್ತಡಕ್ಕೆ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಜತೆಗೆ ಮಣ್ಣಿನ ಭಾರವೂ ಏರುತ್ತದೆ. ಕಡಲತೀರದಲ್ಲಿ ಮಕ್ಕಳು ಕಟ್ಟುವ ಮರಳಿನ ಗೂಡು ಕೊಂಚ ತೇವವಿದ್ದಾಗ ನಿಲ್ಲುತ್ತದೆ, ಅಲೆ ಬಂದರೆ ಕರಗುತ್ತದೆ. ಗುಡ್ಡದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ಶಿಲೆ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಮಹಾರಾಷ್ಟ್ರದ ಘಟ್ಟಗಳು ಪದರ ಪದರವಾಗಿ ಹರಿದು ತಣಿದ ಲಾವಾದಿಂದಾದವು. ಅದರ ಬಿರುಕುಗಳೇ ನೀರಿಗೆ ದಾರಿ, ಕೆಲವೆಡೆ ಪದರಗಳ ನಡುವಿನ ಕೆಂಪು ಜೇಡಿ ಜಾರುಹಾಸು. ಕರ್ನಾಟಕದ ಕರಾವಳಿಯಲ್ಲಿ ಮುರಕಲ್ಲಿನ ಅಡಿ ಶೇಡಿ ಮಣ್ಣಿದೆ. ಒಣಗಿದ್ದಾಗ ಗಟ್ಟಿಯಾಗಿಯೇ ಇರುವ ಈ ಮಣ್ಣು, ಗುಡ್ಡ ಕಡಿದು ತೆರೆದಿಟ್ಟ ಮೇಲೆ ಮಳೆನೀರು ತಾಗಿದರೆ ಕರಗಿ ಇಳಿಯುತ್ತದೆ.

ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸರಣಿ ಕುಸಿತವಾದಾಗ ಹೆಚ್ಚು ಚರ್ಚೆಯಾದದ್ದು ಇದೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಜಾರಿದ್ದೂ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ. ಹಾಗೆಂದು ಎಲ್ಲ ಕುಸಿತಕ್ಕೂ ಜೆಸಿಬಿಯನ್ನೇ ದೂರುವಂತಿಲ್ಲ. ವಯನಾಡಿನಲ್ಲಿ ಕುಸಿತ ಶುರುವಾದದ್ದು ಊರಿನಿಂದ ಬಹಳ ಮೇಲೆ, ಕಡಿದಾದ ಕಾಡಿನ ಇಳಿಜಾರಿನಲ್ಲಿ. ಕಲ್ಲು, ಮಣ್ಣು, ಮರ ಹೊಳೆಯ ಪಾತ್ರ ಹಿಡಿದು ಹಲವು ಕಿಲೋಮೀಟರ್ ನುಗ್ಗಿದವು. ಮನೆ ಗುಡ್ಡದ ಬುಡದಲ್ಲಿಲ್ಲ ಎಂಬ ಕಾರಣಕ್ಕೆ ಹೊಳೆಯಂಚಿನವರು ನಿಶ್ಚಿಂತರಾಗಿರಲು ಆಗದು.

ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ವಾಲುವ ಮರ ಮತ್ತು ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಕೆಂಪಾಗುವ ಒರತೆ, ಜೋರು ಮಳೆಯಲ್ಲೂ ಹಠಾತ್ತನೆ ಇಳಿಯುವ ಹೊಳೆ: ಇವು ಕಂಡರೆ ಸಾಮಾನು ಕಟ್ಟುತ್ತಾ ಕೂರದೆ ಕೂಡಲೇ ಜಾಗ ಬಿಡಬೇಕು.