ರೇಡಿಯೊ ಬೆನ್ನ ಮೇಲಿನ ಅಂಕಿಗಳು

ಹಳೆಯ ವಾಲ್ವ್ ರೇಡಿಯೊ ಸಿಕ್ಕರೆ ಒಮ್ಮೆ ಅದರ ಬೆನ್ನು ನೋಡಿ. ಹಲವು ಸೆಟ್ಟುಗಳಲ್ಲಿ 110, 127, 220, 245 ಎಂಬಂಥ ಅಂಕಿಗಳಿರುವ ಸಣ್ಣ ಬಿಲ್ಲೆಯೊಂದು ಇರುತ್ತದೆ. ಯಾವ ಊರಿನ ಕರೆಂಟು ಎಷ್ಟು ವೋಲ್ಟೋ ಆ ಅಂಕಿಗೆ ಹೊಂದಿಸಿಕೊಂಡೇ ಸೆಟ್ಟು ಹಚ್ಚಬೇಕಿತ್ತು. ಆಗ ಅಮೆರಿಕದ್ದು ಒಂದು ವೋಲ್ಟೇಜ್, ಇಂಗ್ಲೆಂಡಿನದು ಇನ್ನೊಂದು. ಕಲ್ಕತ್ತಾದ ಕೆಲವು ಬೀದಿಗಳಲ್ಲಂತೂ ದಶಕಗಳ ಕಾಲ ಡಿಸಿ ಕರೆಂಟೇ ಇತ್ತು. ಆ ಬಿಲ್ಲೆ ಕರೆಂಟಿನ ಚರಿತ್ರೆಯ ಒಂದು ದಾಖಲೆ ಎಂದು ನಾವು ಭಾವಿಸುತ್ತೇವೆ.

ನಮ್ಮ ಸೀಮೆಯ ಚರಿತ್ರೆ ಸ್ವಲ್ಪ ವಿಚಿತ್ರ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದ್ದು 1935ರಲ್ಲಿ. ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದು 1948ರಲ್ಲಿ. ಆದರೆ ಕರೆಂಟು ಹುಟ್ಟಿದ ಜಿಲ್ಲೆಯ ಹಳ್ಳಿಗಳಿಗೇ ಅದು ಬರಲು ವರ್ಷಗಟ್ಟಲೆ ಕಾಯಬೇಕಾಯಿತು. ಅಲ್ಲಿಯವರೆಗೆ ರೇಡಿಯೊ ಎಂದರೆ ಬ್ಯಾಟರಿ ಸೆಟ್ಟು, ಆಮೇಲೆ ಟ್ರಾನ್ಸಿಸ್ಟರ್. 1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾದಾಗ ಅದನ್ನು ಕೇಳಿದ ಎಷ್ಟೋ ಮನೆಗಳಲ್ಲಿ ದೀಪ ಇನ್ನೂ ಸೀಮೆಎಣ್ಣೆಯದೇ.

ಮುಂದೆ ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ಹೋದವರು ಟೇಪ್ ರೆಕಾರ್ಡರ್, ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ತಂದರು. ಸೌದಿಯಲ್ಲಿ ಆಗ ಮನೆಗಳಿಗೆ 127 ವೋಲ್ಟ್ ಇತ್ತು, ಅಮೆರಿಕದಲ್ಲಿ 120, ಜಪಾನಿನಲ್ಲಿ 100. ನಮ್ಮದು 230. ಹಿಂದಿನ ಸ್ವಿಚ್ ನೋಡದೆ ಪ್ಲಗ್ ಸಿಕ್ಕಿಸಿದರೆ ಒಂದು ಕ್ಷಣ ಗುಂಯ್ ಎನ್ನುತ್ತದೆ, ಆಮೇಲೆ ಹೊಗೆ.

ದುರ್ಗಿಗುಡಿಯ ಕಡೆ ಇಂಥ ಸೆಟ್ಟು ಹಿಡಿದು ಬರುವವರಿಗೆ ಬಲ್ಲ ರಿಪೇರಿಯವರು ಮೊದಲು ಹೇಳುವುದು ‘ಟ್ರಾನ್ಸ್‌ಫಾರ್ಮರ್ ನೋಡಬೇಕು’ ಎಂದು. ಒಳಗೆ 120 ವೋಲ್ಟಿನ ಎರಡು ಸಮನಾದ ಪ್ರೈಮರಿ ವೈಂಡಿಂಗ್ ಇದ್ದರೆ ಕೆಲಸ ಸುಲಭ. ಅಕ್ಕಪಕ್ಕ ಸೇರಿಸಿದ್ದನ್ನು ಬಿಚ್ಚಿ, ಒಂದರ ತುದಿಗೆ ಇನ್ನೊಂದರ ಮೊದಲನ್ನು ಜೋಡಿಸಿದರೆ 240ಕ್ಕೆ ಸಜ್ಜು. ಜೋಡಣೆ ತಿರುವುಮುರುವಾದರೆ ಸುಟ್ಟೇ ಹೋಗುತ್ತದೆ. ವೋಲ್ಟೇಜ್ ಇಮ್ಮಡಿಯಾದಾಗ ಎಳೆಯುವ ಕರೆಂಟು ಅರ್ಧವಾಗುವುದರಿಂದ, 2 ಆಂಪಿಯರ್ ಫ್ಯೂಸ್ ಇದ್ದಲ್ಲಿ 1 ಆಂಪಿಯರಿನದು ಹಾಕಬೇಕು. ಒಂದೇ ವೈಂಡಿಂಗ್ ಇದ್ದರೆ ಒಳಗೆ ಕೈ ಹಾಕುವುದಕ್ಕಿಂತ ಹೊರಗೆ ಸಾಕಷ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡುವುದೇ ಮೇಲು.

ವೋಲ್ಟೇಜ್ ಸರಿಹೋದರೂ ಇನ್ನೊಂದು ತೊಡಕಿದೆ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಎಸಿ ಮೋಟರಿನ ಹಳೆಯ ರೆಕಾರ್ಡ್ ಪ್ಲೇಯರ್ ಇಲ್ಲಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಬದಲು ಸುಮಾರು 28 ಸುತ್ತು ತಿರುಗುತ್ತದೆ. ಹಾಡಿನ ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಗಾಯಕಿಯ ದನಿ ಗಂಡಸಿನ ದನಿಯಂತೆ ಕೇಳಿಸಿದರೆ ದೋಷ ರೆಕಾರ್ಡಿನದಲ್ಲ. ಮೋಟರಿನ ಪುಲ್ಲಿ ಬದಲಿಸಬೇಕು.

ಇಷ್ಟೆಲ್ಲ ಏಕೆ, ಫೋನಿನಲ್ಲೇ ಎಲ್ಲ ಸಿಗುತ್ತದಲ್ಲ ಎನ್ನಬಹುದು. ಫೋನಿನಲ್ಲಿ ಸಿಗದ್ದೂ ಇದೆ. ಅಜ್ಜಿ ಹಾಡಿದ ಸೋಬಾನೆ, ಊರಿನ ತಾಳಮದ್ದಳೆಯ ಒಂದು ರಾತ್ರಿ, ತೀರಿಹೋದವರ ಮಾತು, ಇವೆಲ್ಲ ಮಲೆನಾಡಿನ ಮನೆಗಳ ಅಟ್ಟದ ಮೇಲೆ ಟೇಪಿನಲ್ಲೇ ಉಳಿದಿವೆ. ಇಲ್ಲಿನ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಅದನ್ನು ನುಡಿಸಬಲ್ಲ ಯಂತ್ರವೂ ಸುಟ್ಟರೆ ಸೆಟ್ಟು ಗುಜರಿಗೆ, ದನಿ ಮಣ್ಣಿಗೆ.

ಹಾಗೆಂದು ಮನೆಯಲ್ಲೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ವಾಲ್ವ್ ಸೆಟ್ಟಿನ ಕಂಡೆನ್ಸರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ನಿಂತಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ ಲೋಹದ ಚೌಕಟ್ಟಿಗೇ ಕರೆಂಟು ಬರುವುದುಂಟು.

ಬಲ್ಲವರಿಂದ ಮಾಡಿಸಿ. ಮಾಡಿಸಿದ ಮೇಲೆ ಯಾವ ವೋಲ್ಟಿಗೆ, ಯಾವ ತಾರೀಕು, ಎಷ್ಟರ ಫ್ಯೂಸ್ ಎಂದು ಚೀಟಿ ಬರೆದು ಸೆಟ್ಟಿನ ಒಳಗೆ ಅಂಟಿಸಿ. ಮುಂದೆ ಅದನ್ನು ತೆರೆಯುವವರಿಗೆ ಅದೇ ದಾರಿ ತೋರಿಸುತ್ತದೆ.